ಮಾಗಡಿ ಕೆರೆಯ ದಂಡೆಯಲ್ಲಿ ಒಂದು ಬೆಳಗು

ಡಿಸೆಂಬರ್ ಕೊನೆಯಲ್ಲಿ ಧಾರವಾಡದಿಂದ ಲಕ್ಷ್ಮೇಶ್ವರದ ನೆಂಟರ ಮನೆಗೆ ಹೊರಟವನು, ಕ್ಯಾಮೆರಾ ಚೀಲ ಹೆಗಲಲ್ಲಿದ್ದ ಕಾರಣ, ನೆಂಟರಿಗಿಂತ ಮೊದಲು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನೇ ಕಾಣಲು ಹೋದೆ. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆ ನೋಡುವುದಕ್ಕೆ ನಮ್ಮ ಸೀಮೆಯ ಇತರ ಕೆರೆಗಳಂತೆಯೇ ಇದೆ. ಚಳಿಗಾಲದಲ್ಲಿ ಮಾತ್ರ ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಇಲ್ಲಿಗೆ ಬಂದಿಳಿಯುತ್ತವೆ.

ಸುತ್ತಲಿನ ಹೊಲಗಳಲ್ಲಿ ಮೇಯ್ದ ಹಿಂಡುಗಳು ಬಿಸಿಲೇರುವ ಹೊತ್ತಿಗೆ ಸಾಲುಗಟ್ಟಿ ಕೂಗುತ್ತ ನೀರಿಗೆ ಮರಳುವ ದೃಶ್ಯವೇ ಛಾಯಾಗ್ರಾಹಕನಿಗೆ ಹಬ್ಬ. ಬೆಳೆ ಮೇಯಿಸಿಕೊಂಡ ರೈತನಿಗೆ ಅದು ಹಬ್ಬವೇನಲ್ಲ ಎಂಬುದನ್ನೂ ಒಪ್ಪಬೇಕು. ಸೂರ್ಯನಿಗೆ ಬೆನ್ನು ಮಾಡಿ ದಂಡೆಯ ಮೇಲೆ ಕುಳಿತು, ಸೆಕೆಂಡಿನ ಸಾವಿರದ ಇನ್ನೂರನೆಯ ಒಂದು ಭಾಗಕ್ಕಿಂತ ವೇಗದ ಶಟರ್ ಇಟ್ಟುಕೊಂಡರೂ, ಬಿಳಿಯ ತಲೆಯ ಹಿಂಬದಿಯ ಆ ಎರಡು ಕಪ್ಪು ಪಟ್ಟೆಗಳು ಸ್ಪಷ್ಟವಾಗಿ ಮೂಡಿದ ಚಿತ್ರಗಳು ನನಗೆ ದಕ್ಕಿದ್ದು ನಾಲ್ಕೇ ನಾಲ್ಕು. ಉಳಿದವುಗಳಲ್ಲಿ ಬಿಳಿಯ ಬಣ್ಣವೆಲ್ಲ ಬೆಳಕಿಗೆ ಸುಟ್ಟುಹೋಗಿತ್ತು. ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣವನ್ನು, ತುಸು ಇಳಿಸಬೇಕೆಂಬುದು ಹೊಳೆದದ್ದು ತಡವಾಗಿ. ಹತ್ತಿರ ಸರಿಯಲು ಹೋಗಿ ಹಿಂಡನ್ನು ಎಬ್ಬಿಸುವ ಉಮೇದು ಸರಿಯಲ್ಲವೆಂದು ಕುಳಿತಲ್ಲಿಯೇ ಉಳಿದೆ.

ನೆಂಟರ ಮನೆ ತಲುಪಿದಾಗ ರೊಟ್ಟಿ ಆರಿಹೋಗಿದ್ದವು.