ಕಣ್ಣು ಮೂಗಿನತ್ತ ತಿರುಗಿದಾಗ ಕಾಯುವುದು ಬೇಡ

ಮಗುವಿನ ಒಂದು ಕಣ್ಣು ಮೂಗಿನ ಕಡೆಗೆ ತಿರುಗುತ್ತಿದೆ ಎಂದರೆ ಸಾಕು, "ಬೆಳೆಯುತ್ತಾ ತಾನೇ ಸರಿಹೋಗುತ್ತದೆ" ಎಂಬ ಸಮಾಧಾನದ ಮಾತು ಸುತ್ತಲಿನವರಿಂದ ಬರುತ್ತದೆ. ಹುಟ್ಟಿದ ಮೊದಲ ಮೂರು-ನಾಲ್ಕು ತಿಂಗಳಲ್ಲಿ ಆಗಾಗ ಕಾಣಿಸಿ ಮರೆಯಾಗುವ ಮೆಳ್ಳೆಯ ಮಟ್ಟಿಗೆ ಅದು ನಿಜ. ಅನಂತರವೂ ಅದನ್ನೇ ನಂಬಿ ಕೂರುವುದು ಅಪಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೂಗಿನ ಬುಡ ಅಗಲವಾಗಿರುವ ಕೂಸುಗಳಲ್ಲಿ ನೇರವಾದ ಕಣ್ಣುಗಳೂ ಮೆಳ್ಳೆಯಂತೆ ತೋರುವುದುಂಟಾದರೂ, ಅದನ್ನು ಪರೀಕ್ಷಿಸಿ ಹೇಳಬೇಕಾದವರು ನೇತ್ರತಜ್ಞರು.

ಎರಡು-ಮೂರು ವರ್ಷದ ಆಸುಪಾಸಿನಲ್ಲಿ ಶುರುವಾಗುವ ಒಳಮೆಳ್ಳೆಗೆ ಬಹಳ ಸಲ ಮೂಲ ಕಾರಣ ಪ್ಲಸ್ ಪವರ್, ಅಂದರೆ ದೂರದೃಷ್ಟಿ ದೋಷ. ಅಂಥ ಮಗು ಸ್ಪಷ್ಟವಾಗಿ ಕಾಣಲು ಕಣ್ಣಿನ ಮಸೂರವನ್ನು ಸದಾ ಬಿಗಿಹಿಡಿಯಬೇಕಾಗುತ್ತದೆ. ಆ ಶ್ರಮಕ್ಕೂ ಕಣ್ಣುಗಳು ಒಳಮುಖವಾಗಿ ಕೂಡುವುದಕ್ಕೂ ಮಿದುಳಿನಲ್ಲಿ ನಂಟಿರುವುದರಿಂದ, ಶ್ರಮ ಹೆಚ್ಚಾದಂತೆ ಕಣ್ಣು ಮೂಗಿನತ್ತ ಸರಿಯುತ್ತದೆ. ಆದ್ದರಿಂದಲೇ ಹನಿ ಹಾಕಿ ಮಸೂರವನ್ನು ಸಡಿಲಿಸಿ ಪೂರ್ತಿ ಪವರ್ ಅಳೆಯುತ್ತಾರೆ, ಎಚ್ಚರವಿರುವಷ್ಟು ಹೊತ್ತೂ ಕನ್ನಡಕ ಹಾಕಿಸಲು ಹೇಳುತ್ತಾರೆ. ಕನ್ನಡಕ ತೆಗೆದೊಡನೆ ಕಣ್ಣು ಮತ್ತೆ ತಿರುಗುವುದನ್ನು ಕಂಡು ಅದು ಫಲಿಸಲಿಲ್ಲವೆಂದು ಕೈಬಿಡುವ ತಂದೆತಾಯಿಯರಿದ್ದಾರೆ. ನಿಜವಾಗಿ, ಹಾಕಿದಾಗ ನೇರ, ತೆಗೆದಾಗ ಮೆಳ್ಳೆ ಎಂಬುದೇ ಅದು ಕೆಲಸ ಮಾಡುತ್ತಿರುವುದಕ್ಕೆ ಸಾಕ್ಷಿ.

ಆರು ತಿಂಗಳೊಳಗೆ ಕಾಣಿಸಿಕೊಂಡು ಸ್ಥಿರವಾಗಿ ನಿಲ್ಲುವ ದೊಡ್ಡ ಮೆಳ್ಳೆಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕು. ಕಣ್ಣನ್ನು ಒಳಗೆ ಎಳೆಯುವ ಸ್ನಾಯುವನ್ನು ಬಿಡಿಸಿ, ಸ್ವಲ್ಪ ಹಿಂದಕ್ಕೆ ಹೊಲಿದು, ಅದರ ಸೆಳೆತವನ್ನು ತಗ್ಗಿಸುತ್ತಾರೆ. ಕೆಲವರಿಗೆ ಎರಡನೆಯ ಸಲವೂ ಬೇಕಾಗಬಹುದು.

ಕಣ್ಣು ನೇರವಾದ ಮಾತ್ರಕ್ಕೆ ದೃಷ್ಟಿ ಬಂದಂತಲ್ಲ ಎಂಬುದನ್ನು ಒತ್ತಿ ಹೇಳಬೇಕು. ಎರಡೆರಡಾಗಿ ಕಾಣುವುದನ್ನು ತಪ್ಪಿಸಲು ಮಗುವಿನ ಮಿದುಳು ತಿರುಗಿದ ಕಣ್ಣಿನ ಚಿತ್ರವನ್ನೇ ಕಡೆಗಣಿಸುತ್ತದೆ, ಇದು ಮುಂದುವರಿದರೆ ಆ ಕಣ್ಣು 'ಸೋಮಾರಿ ಕಣ್ಣು' ಆಗುತ್ತದೆ. ಚೆನ್ನಾಗಿ ಕಾಣುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಅಂಟಿಸಿ, ಇನ್ನೊಂದನ್ನು ದುಡಿಸುವುದು ಇದರ ಮುಖ್ಯ ಚಿಕಿತ್ಸೆ; ಏಳು ವರ್ಷದೊಳಗೆ ಆರಂಭಿಸಿದರೆ ಫಲ ಹೆಚ್ಚು. ಮಗು ಅಳುತ್ತದೆ, ಪಟ್ಟಿ ಕೀಳುತ್ತದೆ, ಆದರೂ ಬಿಡಬಾರದು.

ದೊಡ್ಡವರಲ್ಲಿ ಹಠಾತ್ತನೆ ಕಣ್ಣು ಒಳಗೆ ತಿರುಗಿ ಎರಡೆರಡು ಕಂಡರೆ ಅದು ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೆಯ ಕಪಾಲ ನರ ಸೋತಿರುವುದರ ಸೂಚನೆಯಾಗಿರಬಹುದು. ಮಧುಮೇಹ, ರಕ್ತದೊತ್ತಡ, ತಲೆಬುರುಡೆಯೊಳಗಿನ ಒತ್ತಡ ಇವೆಲ್ಲ ಅದರ ಹಿಂದಿರಬಹುದಾದ್ದರಿಂದ ಅದೇ ದಿನ ವೈದ್ಯರನ್ನು ಕಾಣಬೇಕು. ಮಗುವಿನ ಮೆಳ್ಳೆಯ ಜೊತೆಗೆ ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೂ ಅಷ್ಟೇ ತುರ್ತು. ಕಣ್ಣಿನ ಪೊರೆಯೋ ಗಡ್ಡೆಯೋ ಅಲ್ಲಿರಬಹುದು.