ಬ್ಯಾಟರಿ ಸತ್ತಿತ್ತು, ಪರದೆ 'ಶುಲ್ಕವಿಲ್ಲ' ಎನ್ನುತ್ತಿತ್ತು

ಯಂತ್ರಗಳ ಕೈಪಿಡಿ, ಮೊಬೈಲ್ ಆ್ಯಪ್‌ಗಳ ಪರದೆ ಬರಹ, ಬ್ಯಾಂಕಿನ ಸೂಚನೆಗಳು, ಇಂಥವನ್ನೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಹೆಸರು ಬರುವ ಕೆಲಸವಲ್ಲ. ಸರಿಯಾಗಿದ್ದರೆ ಯಾರೂ ಗಮನಿಸುವುದಿಲ್ಲ, ತಪ್ಪಾದರೆ ಮಾತ್ರ ಚಿತ್ರ ತೆಗೆದು ಕಳಿಸುತ್ತಾರೆ.

ಹಾಗೆ ಬಂದ ಒಂದು ಚಿತ್ರದ ಕಥೆ ಇದು. ರಕ್ತದೊತ್ತಡ ಅಳೆಯುವ ಪುಟ್ಟ ಯಂತ್ರವೊಂದರ ಪರದೆಗೆ ಬೇಕಾದ ನಾನೂರು ಚಿಲ್ಲರೆ ಸಾಲುಗಳನ್ನು ಅನುವಾದಿಸಿಕೊಟ್ಟು, ಬಿಲ್ ಕಳಿಸಿ, ಮರೆತೂ ಬಿಟ್ಟಿದ್ದೆ. ಎರಡು ತಿಂಗಳಾದ ಮೇಲೆ ಪರೀಕ್ಷಕರೊಬ್ಬರಿಂದ ಮಿಂಚಂಚೆ ಬಂತು. ಚಿತ್ರದಲ್ಲಿ ಯಂತ್ರದ ಬ್ಯಾಟರಿ ಪೂರ್ತಿ ಇಳಿದುಹೋಗಿದೆ, ಪರದೆ ಕೊನೆಯುಸಿರಿನಲ್ಲಿ ಮಿಣುಕುತ್ತಿದೆ, ನಟ್ಟನಡುವೆ ದಪ್ಪ ಅಕ್ಷರಗಳಲ್ಲಿ 'ಶುಲ್ಕವಿಲ್ಲ' ಎಂದಿದೆ. ಕೆಳಗೆ ಪರೀಕ್ಷಕರ ಷರಾ: 'ರಕ್ತದೊತ್ತಡ ನೋಡಲು ಈ ಯಂತ್ರ ದುಡ್ಡು ಕೇಳುವುದಿಲ್ಲ ಎಂದು ತಿಳಿದು ಸಮಾಧಾನವಾಯಿತು. ಆದರೆ ಇದು ಯಾಕೆ ಆರಿಹೋಗುತ್ತಿದೆ ಎಂದು ಹೇಳುವವರು ಯಾರು?'

ಮೂಲದಲ್ಲಿ ಇದ್ದದ್ದು ಎರಡೇ ಪದ: 'ನೋ ಚಾರ್ಜ್'.

ಇದು ಹೇಗಾಯಿತು ಎನ್ನುವುದನ್ನು ನಮ್ಮ ಕಸುಬಿನವರು ಈಗಾಗಲೇ ಊಹಿಸಿರುತ್ತಾರೆ. ನಾವು ಬಳಸುವ ತಂತ್ರಾಂಶದಲ್ಲಿ ಅನುವಾದ ಸ್ಮೃತಿ ಎಂಬುದೊಂದಿದೆ. ಹಿಂದೆ ಅನುವಾದಿಸಿದ ಪ್ರತಿ ಸಾಲನ್ನೂ ಅದು ನೆನಪಿಟ್ಟುಕೊಂಡಿರುತ್ತದೆ. ಅದೇ ಸಾಲು ಮತ್ತೆ ಬಂದರೆ ಹಳೆಯ ಅನುವಾದವನ್ನು ತಾನೇ ತುಂಬಿ, ಪಕ್ಕದಲ್ಲಿ ಹಸಿರು ಬಣ್ಣದಲ್ಲಿ 100 ಎಂದು ತೋರಿಸುತ್ತದೆ. ಆ ಹಿಂದಿನ ವರ್ಷ ಒಂದು ಬ್ಯಾಂಕಿನ ಕೆಲಸ ಮಾಡಿದ್ದೆ. ಅಲ್ಲಿ 'ನೋ ಚಾರ್ಜ್' ಎಂದರೆ 'ಶುಲ್ಕವಿಲ್ಲ' ಎಂಬುದೇ ಸರಿ. ನೂರಕ್ಕೆ ನೂರು ಹೊಂದುವ ಸಾಲಿಗೆ ಕೊಡುವ ಸಂಭಾವನೆ ಪುಡಿಗಾಸು. ಹಾಗಾಗಿ ಅಂಥ ಸಾಲುಗಳ ಮೇಲೆ ಕಣ್ಣು ನಿಲ್ಲುವುದೇ ಇಲ್ಲ, ಜಾರುತ್ತದೆ. ನನ್ನದೂ ಜಾರಿತು. ಯಂತ್ರಕ್ಕೆ ನೆನಪಿತ್ತು, ಸಂದರ್ಭ ಗೊತ್ತಿರಲಿಲ್ಲ. ನನಗೆ ಸಂದರ್ಭ ಗೊತ್ತಿತ್ತು, ನೋಡಲಿಲ್ಲ.

ಅನೇಕಾರ್ಥದ ಇಂಗ್ಲಿಷ್ ಪದಗಳು ಎಂದೊಡನೆ ಎಲ್ಲರೂ ದೊಡ್ಡ ಮೀನುಗಳನ್ನೇ ತೋರಿಸುತ್ತಾರೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಉದ್ದದ ನಮೂದು 'ಸೆಟ್' ಎಂಬುದಾಗಿತ್ತು, ಆ ಕ್ರಿಯಾಪದಕ್ಕೆ 430 ಅರ್ಥಗಳು. ಮುಂದಿನ ಪರಿಷ್ಕರಣೆಯಲ್ಲಿ 'ರನ್' 645 ಅರ್ಥಗಳೊಂದಿಗೆ ಅದನ್ನು ಹಿಂದಿಕ್ಕಿತು. ನಿಜ ಹೇಳಬೇಕೆಂದರೆ ಇವುಗಳಿಂದ ನನಗೆ ಅಷ್ಟು ತೊಂದರೆಯಾಗಿಲ್ಲ. 'ರನ್' ಕಂಡೊಡನೆ ಕೈ ತಾನಾಗಿ ತಡೆಯುತ್ತದೆ, ಓಡುವುದೋ ನಡೆಸುವುದೋ ಸೋರುವುದೋ ಎಂದು ಮನಸ್ಸು ಕೇಳಿಯೇ ಕೇಳುತ್ತದೆ. ಕಳ್ಳ ಬರುವುದು ಪರಿಚಿತರ ವೇಷದಲ್ಲಿ. 'ಚಾರ್ಜ್' ನಮ್ಮ ಮನೆಯೊಳಗೇ ಓಡಾಡಿಕೊಂಡಿರುವ ಪದ. ಮೊಬೈಲ್ ಚಾರ್ಜ್ ಆಯಿತೇ, ಬಸ್ ಚಾರ್ಜ್ ಎಷ್ಟು, ಈ ವಿಭಾಗಕ್ಕೆ ಇನ್‌ಚಾರ್ಜ್ ಯಾರು, ಪೊಲೀಸರು ಚಾರ್ಜ್‌ಶೀಟ್ ಹಾಕಿದರೇ, ಗುಂಪಿನ ಮೇಲೆ ಲಾಠಿ ಚಾರ್ಜ್ ಆಯಿತಂತೆ. ಒಂದೇ ಉಸಿರಿನಲ್ಲಿ ಐದು ಅರ್ಥ ಬಳಸುತ್ತೇವೆ, ಒಂದಕ್ಕೂ ನಿಘಂಟು ತೆರೆಯುವುದಿಲ್ಲ.

ಇದೇ ಪದದ ಇನ್ನೊಂದು ಪ್ರಸಂಗ ನನಗೆ ಹೆಚ್ಚು ಪಾಠ ಕಲಿಸಿತು. ಹಣ ಪಾವತಿಯ ಆ್ಯಪ್ ಒಂದರಲ್ಲಿ, ಇನ್ನೊಬ್ಬರ ಅನುವಾದವನ್ನು ತಿದ್ದುವ ಕೆಲಸ ಬಂದಿತ್ತು. 'ನಿಮ್ಮ ಕಾರ್ಡ್ ಚಾರ್ಜ್ ಆಗುತ್ತದೆ' ಎಂದು ಬರೆದಿದ್ದರು. ಮೊದಲ ಓದಿಗೆ ಏನೂ ಅನ್ನಿಸಲಿಲ್ಲ. ಎರಡನೆಯ ಸಲ ಓದಿದಾಗ ಬೆಚ್ಚಿದೆ. ಕನ್ನಡದಲ್ಲಿ ಮೊಬೈಲ್ ಚಾರ್ಜ್ ಆಗುವುದೆಂದರೆ ತುಂಬಿಕೊಳ್ಳುವುದು. ಹಾಗಾದರೆ ಕಾರ್ಡ್ ಚಾರ್ಜ್ ಆದರೆ ಹಣ ತುಂಬಬೇಕಲ್ಲವೇ? ಮೂಲದಲ್ಲಿ ಹೇಳಿದ್ದು ಹಣ ಕಡಿತವಾಗುತ್ತದೆ ಎಂದು. ಒಂದರಲ್ಲಿ ಒಳಗೆ ಹೋಗುತ್ತದೆ, ಇನ್ನೊಂದರಲ್ಲಿ ಹೊರಗೆ ಬರುತ್ತದೆ. ಒಂದೇ ಪದ ಹೀಗೆ ಎದುರುಬದುರು ದಿಕ್ಕಿಗೆ ಮುಖ ಮಾಡಿ ನಿಂತದ್ದು ಹೇಗೆ ಎಂದು ತಿಳಿಯುವವರೆಗೆ ನನಗೆ ಸಮಾಧಾನವಾಗಲಿಲ್ಲ. ಆ ರಾತ್ರಿ ತಿದ್ದುಪಡಿ ಅಲ್ಲಿಗೇ ಬಿಟ್ಟು ವ್ಯುತ್ಪತ್ತಿಯ ಹಿಂದೆ ಬಿದ್ದೆ.

ಮೂಲದಲ್ಲಿ ಇರುವುದು ಒಂದು ಗಾಡಿ. ಲ್ಯಾಟಿನ್ನಿನ 'ಕಾರ್ರುಸ್' ಎಂದರೆ ಬಂಡಿ. ಅದರಿಂದ ಹುಟ್ಟಿದ ಕ್ರಿಯಾಪದಕ್ಕೆ ಬಂಡಿಗೆ ಹೇರು ಎಂಬ ಅರ್ಥ. ಅದು ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರುವಾಗ 'ಚಾರ್ಜ್' ಆಗಿತ್ತು. ಕಾರು, ಕಾರ್ಗೋ, ಕ್ಯಾರಿಯರ್ ಎಲ್ಲ ಅದೇ ಬಂಡಿಯ ಸಂತತಿ. ಕ್ಯಾರಿಕೇಚರ್ ಕೂಡ, ಮುಖದ ಒಂದು ಅಂಶದ ಮೇಲೆ ಅತಿಯಾಗಿ ಹೇರಿದ ಚಿತ್ರ ಎಂಬ ಅರ್ಥದಲ್ಲಿ. ಅಂದರೆ ಚಾರ್ಜ್ ಎಂದರೆ ಹೊರೆ ಹೇರುವುದು. ಬ್ಯಾಟರಿಯ ಮೇಲೆ ವಿದ್ಯುತ್ತಿನ ಹೊರೆ, ಗ್ರಾಹಕನ ಮೇಲೆ ಹಣದ ಹೊರೆ, ಆರೋಪಿಯ ಮೇಲೆ ಅಪರಾಧದ ಹೊರೆ, ಅಧಿಕಾರಿಯ ಮೇಲೆ ಕೆಲಸದ ಹೊರೆ. ಶತ್ರುವಿನ ಮೇಲೆ ಏರಿಹೋಗಿ ಬೀಳುವುದು ಎಂಥ ಹೊರೆ ಎಂದು ಬೇರೆ ಹೇಳಬೇಕಿಲ್ಲ. ಕಾರ್ಡಿನ ಒಗಟೂ ಬಿಡಿಸಿಕೊಂಡಿತು. ಅಲ್ಲಿ ತುಂಬುವುದು ಹಣವಲ್ಲ, ಬಾಕಿ.

ಇಷ್ಟು ತಿಳಿದು ಸುಮ್ಮನಿದ್ದರೆ ಅದು ಇಂಗ್ಲಿಷಿನ ಪಾಠವಾಗಿ ಉಳಿಯುತ್ತಿತ್ತು. ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಕನ್ನಡ. ಈ ಅರ್ಥಗಳಿಗೆ ನಾವು ಪತ್ರಿಕೆಗಳಲ್ಲಿ ಬರೆಯುವ ಪದಗಳನ್ನು ಸಾಲಾಗಿ ಬರೆದು ನೋಡಿದೆ. ಆರೋಪ ಹೊರಿಸು. ಹೊಣೆ ಹೊರು. ವೆಚ್ಚ ಭರಿಸು. ಕಾರ್ಯಭಾರ. ಪ್ರಭಾರ ಮುಖ್ಯೋಪಾಧ್ಯಾಯ. ಆಸ್ತಿಯ ಮೇಲಿನ ಋಣಭಾರ. ಹೊರೆ ಎಲ್ಲೆಲ್ಲೂ ಕಣ್ಣಿಗೆ ಹೊಡೆಯುವಂತಿದೆ! ಆರೋಪ ಎಂಬ ಸಂಸ್ಕೃತ ಪದಕ್ಕೇ ಮೇಲೆ ಏರಿಸುವುದು, ಮೇಲಿಡುವುದು ಎಂಬ ಅರ್ಥವಿದೆ. ಇನ್ನು 'ಅಧಿಕಾರ ವಹಿಸಿಕೊಂಡರು' ಎನ್ನುವಾಗ ಬರುವ 'ವಹಿಸು' ಹೊತ್ತೊಯ್ಯುವುದನ್ನು ಸೂಚಿಸುವ ಧಾತುವಿನಿಂದ ಬಂದದ್ದು, ವಾಹನವೂ ಅದೇ ಧಾತುವಿನದು. ಅವರ ಚಾರ್ಜಿನೊಳಗೆ ಕಾರು ಅಡಗಿದ್ದರೆ ನಮ್ಮ ವಹಿಸುವಿಕೆಯೊಳಗೆ ವಾಹನ ಅಡಗಿದೆ. ಎಲ್ಲವೂ ಎರವಲು ಪಡೆದದ್ದಿರಲಾರದು ಎಂದೇ ನನ್ನ ಅನಿಸಿಕೆ. ಜವಾಬ್ದಾರಿ ಎಂದರೆ ಬೆನ್ನಿನ ಮೇಲಿನ ಮೂಟೆ ಎಂದು ಎರಡು ಕಡೆಯವರಿಗೂ ಅನ್ನಿಸಿದೆ.

ಅಂದಿನಿಂದ 'ಚಾರ್ಜ್' ಕಂಡಾಗಲೆಲ್ಲ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಯಾರು, ಯಾರ ಮೇಲೆ, ಏನನ್ನು ಹೇರುತ್ತಿದ್ದಾರೆ? ಮೂರಕ್ಕೂ ಉತ್ತರ ಸಿಕ್ಕರೆ ಕನ್ನಡ ಪದ ತಾನಾಗಿ ಬರುತ್ತದೆ. ಒಂದಕ್ಕೆ ಸಿಗದಿದ್ದರೂ ಅನುವಾದ ನಿಲ್ಲಿಸಿ ಗ್ರಾಹಕರಿಗೆ ಬರೆಯುತ್ತೇನೆ.

ವಿಜ್ಞಾನದಲ್ಲಿ ಮಾತ್ರ ನನ್ನ ಹೊರೆಯ ಸೂತ್ರ ಕೈಕೊಡುತ್ತದೆ. ಪಠ್ಯಪುಸ್ತಕಗಳು ಅಲ್ಲಿಯ ಚಾರ್ಜನ್ನು ವಿದ್ಯುದಾವೇಶ ಎನ್ನುತ್ತವೆ. ಆವೇಶ ಎಂದರೆ ಒಳಹೊಗುವುದು, ಮೈಮೇಲೆ ಬರುವುದು. ಹೊರೆ ಮೇಲೆ ಕೂರುತ್ತದೆ, ಆವೇಶ ಒಳಗೆ ಸೇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಧನ ಆವೇಶ, ಋಣ ಆವೇಶ ಎಂದರೆ ಇವತ್ತಿಗೂ ದುಡ್ಡಿನ ಹುಚ್ಚು ಹಿಡಿದವನೂ ಸಾಲಗಾರನೂ ಎದುರುಬದುರು ಕೂತಂತೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಈ ಅರ್ಥ ಬಂದ ದಾರಿಯೂ ಸೊಗಸಾಗಿದೆ. ಕೋವಿಗೆ, ಫಿರಂಗಿಗೆ ಒಂದು ಸಲಕ್ಕೆ ತುಂಬುವ ಮದ್ದಿಗೆ ಚಾರ್ಜ್ ಎನ್ನುತ್ತಿದ್ದರು. 1740ರ ದಶಕದ ಕೊನೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗಾಜಿನ ಲೈಡನ್ ಜಾಡಿಗಳಲ್ಲಿ ವಿದ್ಯುತ್ ಶೇಖರಿಸಿ ಪ್ರಯೋಗ ಮಾಡುತ್ತಿದ್ದಾಗ ಆ ಮದ್ದಿನ ಮಾತೇ ಒದಗಿಬಂತು. ಸಾಲಾಗಿ ಜೋಡಿಸಿದ ಜಾಡಿಗಳಿಗೆ ಅವರು ಕೊಟ್ಟ ಹೆಸರು 'ಬ್ಯಾಟರಿ', ಅದೂ ಫಿರಂಗಿಗಳ ಸಾಲಿಗೆ ಇದ್ದ ಹೆಸರು. ಅಂದರೆ ಬ್ಯಾಟರಿ ಚಾರ್ಜ್ ಆಯಿತೇ ಎಂದು ಕೇಳುವಾಗ ನಾವು ಫಿರಂಗಿಗಳಿಗೆ ಮದ್ದು ತುಂಬಿದ್ದೀರಾ ಎಂದು ಕೇಳುತ್ತಿರುತ್ತೇವೆ. (ಇಂದಿನ ಬ್ಯಾಟರಿಯೊಳಗೆ ನಿಜವಾಗಿ ಕೂಡಿಡುವುದು ರಾಸಾಯನಿಕ ಶಕ್ತಿ. ಒಟ್ಟಾರೆ ವಿದ್ಯುದಾವೇಶ ಹೆಚ್ಚುವುದೇ ಇಲ್ಲ. ಪದಕ್ಕೆ ಅದರ ಚಿಂತೆಯಿಲ್ಲ.)

ವ್ಯಕ್ತಿಗಳ ವಿಷಯಕ್ಕೆ ಬಂದರೆ ಈ ಪದ ಇನ್ನೂ ಜಾರು. 'ಇನ್ ಚಾರ್ಜ್ ಆಫ್' ಎಂದರೆ ನೋಡಿಕೊಳ್ಳುವವರು. ನಡುವೆ ಒಂದು 'ದ' ಸೇರಿಸಿ 'ಇನ್ ದ ಚಾರ್ಜ್ ಆಫ್' ಎಂದರೆ ನೋಡಿಕೊಳ್ಳಲ್ಪಡುವವರು. ಒಂದೇ ಒಂದು ಪುಟ್ಟ ಪದಕ್ಕೆ ದಾದಿ ರೋಗಿಯಾಗುತ್ತಾಳೆ, ರೋಗಿ ದಾದಿಯಾಗುತ್ತಾನೆ. ಸಾಲದ್ದಕ್ಕೆ, ಯಾರ ಸುಪರ್ದಿಗೆ ಒಪ್ಪಿಸಲಾಗಿದೆಯೋ ಆ ಮಗುವಿಗೂ ಚಾರ್ಜ್ ಎಂದೇ ಹೆಸರು. ಯಂತ್ರಾನುವಾದವನ್ನು ತಿದ್ದುವಾಗ ಒಮ್ಮೆ 'ಆಯಾ ತನ್ನ ಎರಡು ಪುಟ್ಟ ಶುಲ್ಕಗಳೊಂದಿಗೆ ಉದ್ಯಾನಕ್ಕೆ ಹೋದಳು' ಎಂಬ ಸಾಲು ಸಿಕ್ಕಿತು. ಅಳಿಸಲು ಮನಸ್ಸೇ ಬರಲಿಲ್ಲ. ಚಾರ್ಜರ್ ಕತೆ ಇನ್ನೂ ವಿಚಿತ್ರ, ಅದು ಯುದ್ಧದ ಕುದುರೆಯೂ ಹೌದು, ದೊಡ್ಡ ಹರಿವಾಣವೂ ಹೌದು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಸ್ನಾನಿಕ ಯೋಹಾನನ ತಲೆಯನ್ನು 'ಚಾರ್ಜರ್'ನಲ್ಲಿ ತರಿಸಿ ಎಂದು ಕೇಳುವ ಮಾತು ಬರುತ್ತದೆ. ಇಂದಿನ ಮಕ್ಕಳು ಅದನ್ನು ಓದಿ ಏನನ್ನು ಕಲ್ಪಿಸಿಕೊಳ್ಳುತ್ತಾರೋ ದೇವರೇ ಬಲ್ಲ.

'ಡಿಸ್ಚಾರ್ಜ್' ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೇರಿದ್ದನ್ನು ಇಳಿಸುವುದು, ಅಷ್ಟೆ. ರೋಗಿಯ ಬಿಡುಗಡೆ, ಸಾಲದ ತೀರುವಳಿ, ಗಾಯದ ಸ್ರಾವ, ಕರ್ತವ್ಯದ ನಿರ್ವಹಣೆ ಎಲ್ಲವೂ ಅದರೊಳಗೇ ಬರುತ್ತವೆ. ವೈದ್ಯಕೀಯ ಕಡತಗಳಲ್ಲಿ ಬಿಡುಗಡೆ ಮತ್ತು ಸ್ರಾವ ಒಂದೇ ಪುಟದಲ್ಲಿ ಇರುತ್ತವೆ, ಎಚ್ಚರ.

ರಕ್ತದೊತ್ತಡದ ಯಂತ್ರದ ಕಥೆಯನ್ನು ಮುಗಿಸಬೇಕು. ತಪ್ಪು ನನ್ನದೇ ಎಂದು ಬರೆದೆ, 'ಬ್ಯಾಟರಿ ಖಾಲಿ' ಎಂದು ತಿದ್ದಿ ಕಳಿಸಿದೆ, ಉಳಿದ ಸಾಲುಗಳನ್ನೆಲ್ಲ ಬಿಲ್ ಇಲ್ಲದೆ ಮತ್ತೊಮ್ಮೆ ನೋಡಿಕೊಟ್ಟೆ. ಆಗ ಇನ್ನೂ ಎರಡು ಎಡವಟ್ಟು ಸಿಕ್ಕವು. ಯಂತ್ರ ಮಾರುಕಟ್ಟೆಗೆ ಹೋಗಿರಲಿಲ್ಲ, ಪುಣ್ಯ. ಅನುವಾದ ಸ್ಮೃತಿಯನ್ನು ವಿಷಯವಾರು ಒಡೆದೆ. ಬ್ಯಾಂಕಿನದು ಬ್ಯಾಂಕಿಗೆ, ಯಂತ್ರದ್ದು ಯಂತ್ರಕ್ಕೆ, ಕಾನೂನಿನದು ಪ್ರತ್ಯೇಕ. ಮೂರು ಪದಕ್ಕಿಂತ ಚಿಕ್ಕ ಸಾಲು ಹಸಿರಾಗಿ ಬಂದರೂ ಅದನ್ನು ಹೊಸ ಸಾಲೆಂದೇ ಓದುತ್ತೇನೆ. ಪರದೆಯ ಚಿತ್ರ ಕೊಡದಿದ್ದರೆ ಕನಿಷ್ಠ ತಂತ್ರಾಂಶ ಬರೆದವರು ಆ ಸಾಲಿಗೆ ಇಟ್ಟಿರುವ ಗುರುತಿನ ಹೆಸರನ್ನಾದರೂ ಕೊಡಿ ಎಂದು ಕೇಳುತ್ತೇನೆ. ಆ 'ನೋ ಚಾರ್ಜ್' ಪಕ್ಕದ ಗುರುತಿನ ಹೆಸರಿನಲ್ಲಿ ಬ್ಯಾಟರಿ ಎಂಬ ಪದವಿತ್ತು. ಆ ಕಾಲಂ ಅನ್ನು ನಾನೇ ಜಾಗ ಸಾಲದೆಂದು ಮರೆಮಾಡಿಕೊಂಡಿದ್ದೆ.

ಹೋದ ವಾರ ಬಂದ ಕಡತದಲ್ಲಿ 'ಚಾರ್ಜ್: 1.2 ಕಿ.ಗ್ರಾಂ' ಎಂಬ ಸಾಲಿತ್ತು. ಕಿಲೋಗ್ರಾಂ ಲೆಕ್ಕದಲ್ಲಿ ತೂಗುವ ಚಾರ್ಜ್! ಶುಲ್ಕವಲ್ಲ, ಆರೋಪವಲ್ಲ, ವಿದ್ಯುತ್ತಂತೂ ಅಲ್ಲ. ಸಿಡಿಮದ್ದೇನಾದರೂ ಇರಬಹುದೇ ಎಂದು ಒಂದು ಕ್ಷಣ ಎದೆ ಝಲ್ಲೆಂದಿತು. ಯಾರು, ಯಾರ ಮೇಲೆ, ಏನನ್ನು ಎಂದು ಬರೆದು ಕೇಳಿದೆ. ಹವಾನಿಯಂತ್ರಕದೊಳಗೆ ತುಂಬಿರುವ ಶೀತಕ ಅನಿಲದ ತೂಕ ಅದು ಎಂದು ಎಂಜಿನಿಯರ್ ಉತ್ತರಿಸಿದರು. 'ತುಂಬಿದ ಶೀತಕ ಅನಿಲದ ಪ್ರಮಾಣ' ಎಂದು ಖುಷಿಯಿಂದ ಬರೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ಮರುಪತ್ರ ಬಂತು: ಅನುವಾದ ಸರಿಯಾಗಿದೆ, ಆದರೆ ಲೇಬಲ್ಲಿನಲ್ಲಿ ಇಷ್ಟು ಜಾಗವಿಲ್ಲ, ಒಂದೇ ಪದದಲ್ಲಿ ಹೇಳಲು ಸಾಧ್ಯವೇ?