ಸೋಲ್ ಕೇಳುವ ಬಳಗ: ಏಳನೆಯ ತಿಂಗಳ ವರದಿ

ಮೆಲ್ಬರ್ನ್‌ನಲ್ಲಿ ಕುಳಿತು, ಮೈಸೂರು, ಧಾರವಾಡ ಮತ್ತು ಶಿವಮೊಗ್ಗದಲ್ಲಿರುವ ಹನ್ನೊಂದು ಮಂದಿ ಸಂಗೀತಾಸಕ್ತರಿಗೆ ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಸೋಲ್ ಎಂಬ ಸಂಗೀತವನ್ನು ಹಾಡುವ ಆಸ್ಟ್ರೇಲಿಯದ ಗಾಯಕರನ್ನು ಕನ್ನಡದಲ್ಲಿ ಪರಿಚಯಿಸುವ ಕೆಲಸಕ್ಕೆ ಕೈಹಾಕಿ ಏಳು ತಿಂಗಳಾಯಿತು. ತಿಂಗಳಿಗೊಂದು ಭಾನುವಾರ, ಅಲ್ಲಿ ಬೆಳಗಿನ ಕಾಫಿ ಮುಗಿಯುವ ಹೊತ್ತಿಗೆ, ವಿಡಿಯೊ ಕರೆಯಲ್ಲಿ ಎಲ್ಲರೂ ಸೇರುತ್ತೇವೆ. ನಾನು ನಾಲ್ಕೈದು ಹಾಡುಗಳನ್ನು ಕೇಳಿಸಿ ಅವುಗಳ ಹಿನ್ನೆಲೆಯನ್ನು ಹೇಳುತ್ತೇನೆ. ಉಳಿದ ಹೊತ್ತೆಲ್ಲ ಮಾತುಕತೆಗೆ. ಹತ್ತು ಬೈಠಕ್‌ಗಳ ಯೋಜನೆಯಲ್ಲಿ ಆರು ಮುಗಿದಿವೆ. ಸೆಪ್ಟೆಂಬರ್‌ನಲ್ಲಿ ಆಗಬೇಕಿದ್ದ ಏಳನೆಯದನ್ನು ನಾನೇ ಮುಂದೂಡಿದ್ದೇನೆ, ಏಕೆಂದರೆ ಮಾರ್ಚ್‌ನಲ್ಲಿ ಹಾಕಿಕೊಂಡ ಕ್ರಮದ ಮೊದಲ ಹೆಜ್ಜೆಯೇ ತಪ್ಪಾಗಿತ್ತೆಂಬುದು ಆಗಸ್ಟ್‌ನಲ್ಲಿ ನನಗೆ ಮನವರಿಕೆಯಾಯಿತು. ಆ ತಪ್ಪು ಏನು, ಅದನ್ನು ಹೇಗೆ ಸರಿಪಡಿಸುತ್ತಿದ್ದೇನೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಅದಕ್ಕೆ ಮೊದಲು ಹೆಸರಿನ ವಿಚಾರ. ಸೋಲ್ ಎಂಬುದನ್ನು ‘ಆತ್ಮ’ ಎಂದು ಅನುವಾದಿಸಿದರೆ ಮನಸ್ಸು ಉಪನಿಷತ್ತಿನ ಕಡೆಗೆ ಹೋಗಿಬಿಡುತ್ತದೆ. ‘ಜೀವ’ ಸ್ವಲ್ಪ ಹತ್ತಿರ, ಏಕೆಂದರೆ ಜೀವ ತುಂಬಿ ಹಾಡಿದರು ಎಂದು ನಾವು ಹೇಳುವುದುಂಟು. ಬಳಗದಲ್ಲಿರುವ ಧಾರವಾಡದ ಅಕ್ಕನವರು, ಕನ್ನಡದ ಕಿವಿಗೆ ಅದು ‘ಸೋಲು’ ಎಂದೇ ಕೇಳುತ್ತದೆಯಲ್ಲ, ಹಾಡಿಗೆ ಮನಸೋಲುವುದೆಂದರೂ ಅದೇ ಸೋಲು ತಾನೇ ಎಂದರು. ಅವರ ಮಾತು ಕೇಳಿದ ಮೇಲೆ ಅನುವಾದದ ಪ್ರಯತ್ನವನ್ನು ಬಿಟ್ಟೆ. ಸೋಲ್ ಎಂದೇ ಉಳಿಸಿಕೊಂಡಿದ್ದೇವೆ.

ಮಾರ್ಚ್‌ನಿಂದ ಮೇ

ಮೊದಲ ಮೂರು ಬೈಠಕ್‌ಗಳನ್ನು ಸಿಡ್ನಿಯಿಂದ ಆರಂಭಿಸಿದ್ದೆ. 1967ರ ಅಕ್ಟೋಬರ್‌ನಿಂದ ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕನ್ ಸೈನಿಕರು ಕೆಲವು ದಿನಗಳ ರಜೆಯ ಮೇಲೆ ಸಿಡ್ನಿಗೆ ಬರತೊಡಗಿದರು. ಕಿಂಗ್ಸ್ ಕ್ರಾಸ್‌ನ ಕ್ಲಬ್‌ಗಳಲ್ಲಿ ಅವರು ತಮ್ಮ ಊರಿನ ಹಾಡುಗಳನ್ನು ಕೇಳಲು ಬಯಸಿದಾಗ ಸ್ಥಳೀಯ ಬ್ಯಾಂಡ್‌ಗಳು ಆ ಹಾಡುಗಳನ್ನು ಕಲಿಯಬೇಕಾಯಿತು. ನ್ಯೂಜಿಲೆಂಡ್‌ನಿಂದ ಬಂದು ನೆಲೆಸಿದ ಮ್ಯಾಕ್ಸ್ ಮೆರಿಟ್, ಗಾಲಿಕುರ್ಚಿಯಲ್ಲಿ ಕುಳಿತೇ ಸಭಾಂಗಣವನ್ನು ತುಂಬುವಂತೆ ಹಾಡುತ್ತಿದ್ದ ಜೆಫ್ ಸೇಂಟ್ ಜಾನ್, ಬಾಸ್ಟನ್‌ನಿಂದ 1970ರಲ್ಲಿ ಹದಿನಾರರ ಹರೆಯದಲ್ಲಿ ಒಂದು ಸಂಗೀತ ನಾಟಕದಲ್ಲಿ ಹಾಡಲು ಬಂದು ಇಲ್ಲಿಯವರೇ ಆಗಿಹೋದ ಮಾರ್ಷಿಯಾ ಹೈನ್ಸ್, ಈ ಮೂವರ ಧ್ವನಿಯನ್ನು ಕೇಳಿಸಿದೆ. ಎಲ್ಲವೂ ಸರಿಯಾಗಿಯೇ ನಡೆಯಿತು. ಹಾಗೆ ನಡೆದದ್ದರಿಂದಲೇ, ಸೋಲ್ ಈ ನೆಲಕ್ಕೆ ಸೈನಿಕರ ಜೇಬಿನಲ್ಲಿಯೂ ಆಮದಾದ ರೆಕಾರ್ಡ್‌ಗಳಲ್ಲಿಯೂ ಬಂದಿಳಿಯಿತು ಎಂಬ ನನ್ನ ಮಾತನ್ನು ಯಾರೂ ಪ್ರಶ್ನಿಸಲಿಲ್ಲ.

ಜೂನ್

ಜೂನ್ ಬೈಠಕ್‌ನ ಪೂರ್ತಿ ಹೊತ್ತನ್ನು ರೆನೇ ಗೇಯರ್ ಅವರಿಗೇ ಮೀಸಲಿಟ್ಟಿದ್ದೆ. ಈ ಯೋಜನೆಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಭಾಗವೂ ಇದೇ. ಅವರು ಹುಟ್ಟಿದ್ದು 1953ರಲ್ಲಿ, ಮೆಲ್ಬರ್ನ್‌ನಲ್ಲಿ. ತಂದೆ ಹಂಗೇರಿಯ ಯೆಹೂದಿ. ತಾಯಿ ಸ್ಲೊವಾಕಿಯದವರು, ಆಶ್‌ವಿಟ್ಜ್‌ನಿಂದ ಬದುಕಿ ಬಂದವರು. ಅಲ್ಲಿ ತಾಯಿಗೆ ನೆರವಾದ ಮತ್ತೊಬ್ಬ ಸೆರೆಯಾಳಿನ ಹೆಸರನ್ನೇ ಮಗಳಿಗೆ ಇಟ್ಟಿದ್ದರು. 1966ರಲ್ಲಿ ಜೇಮ್ಸ್ ಬ್ರೌನ್ ಹಾಡಿದ್ದ, ಇದು ಗಂಡಸರ ಜಗತ್ತು ಆದರೆ ಹೆಣ್ಣಿಲ್ಲದಿದ್ದರೆ ಅದು ಏನೂ ಅಲ್ಲ ಎನ್ನುವ ಪ್ರಸಿದ್ಧ ಹಾಡನ್ನು ಗೇಯರ್ 1974ರಲ್ಲಿ ಧ್ವನಿಮುದ್ರಿಸಿದಾಗ ಅವರಿಗೆ ಇಪ್ಪತ್ತರ ಆಸುಪಾಸು. ಆ ಹಾಡನ್ನು ಬರೆದವರಲ್ಲಿ ಬೆಟ್ಟಿ ಜೀನ್ ನ್ಯೂಸಮ್ ಎಂಬ ಮಹಿಳೆಯೂ ಇದ್ದರೆಂಬುದನ್ನು ನೆನೆದಾಗ, ಒಂದು ಹೆಣ್ಣಿನ ಮಾತು ಕಡೆಗೂ ಇನ್ನೊಂದು ಹೆಣ್ಣಿನ ಕಂಠಕ್ಕೆ ಬಂದಂತೆ ನನಗೆ ಅನ್ನಿಸುತ್ತದೆ.

ಬಳಗದ ಹಿರಿಯರಾದ, ಐವತ್ತು ವರ್ಷ ಮೃದಂಗ ನುಡಿಸಿರುವ ಮೈಸೂರಿನ ರಾಯರು ಮೊದಲ ಸಾಲು ಮುಗಿಯುವುದರೊಳಗೆ ಅದರ ನಡೆಯನ್ನು ಹಿಡಿದರು: ನಾಲ್ಕು ವಿಳಂಬದ ಎಣಿಕೆಗಳು, ಪ್ರತಿಯೊಂದರೊಳಗೆ ಮೂರು, ಅಂದರೆ ತಿಶ್ರ ನಡೆಯಲ್ಲಿ ತಕಿಟ ತಕಿಟ. ನಿಧಾನಗತಿಯ ಸೋಲ್ ಹಾಡುಗಳಲ್ಲಿ ಬಹಳಷ್ಟು ಹೀಗೆಯೇ ನಡೆಯುತ್ತವೆ. ಆದರೆ ಗಾಯಕಿ ಪದವನ್ನು ಎಣಿಕೆ ಬಿದ್ದ ಮೇಲೆ, ತುಸು ತಡವಾಗಿ ಇಡುವುದನ್ನು ಕಂಡು ಅವರು ಇದು ಅನಾಗತವೇ ಎಂದು ಕೇಳಿದರು. ನಾನು ಯೋಚಿಸಿ ಹೇಳಿದ್ದು ಇಷ್ಟು: ತಾಳದ ಎಣಿಕೆ ಬಿದ್ದ ಮೇಲೆ ಹಾಡನ್ನು ಎತ್ತಿಕೊಳ್ಳುವ ನಮ್ಮ ಅನಾಗತ ಎಡುಪು ಲೆಕ್ಕಕ್ಕೆ ಸಿಗುವಂಥದ್ದು, ಅರ್ಧ ಅಕ್ಷರ ಅಥವಾ ಮುಕ್ಕಾಲು ಅಕ್ಷರ ಎಂದು ತೋರಿಸಬಹುದು, ಗೇಯರ್ ತಡಮಾಡುವುದು ಲೆಕ್ಕದಿಂದಲ್ಲ, ಮಾತನಾಡುವಾಗ ಕಷ್ಟದ ಸಂಗತಿಯನ್ನು ಹೇಳುವ ಮುನ್ನ ನಾವು ತಡೆಯುತ್ತೇವಲ್ಲ, ಆ ರೀತಿಯದು. ರಾಯರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಹಾಡನ್ನು ಇನ್ನೊಮ್ಮೆ ಹಾಕಲು ಹೇಳಿದರು.

ಅಂದು ನಾನು ಹೇಳಿದ ಇನ್ನೊಂದು ಸಂಗತಿ ಗೇಯರ್ ಅವರ ಮುಖಕ್ಕೆ ಸಂಬಂಧಿಸಿದ್ದು. 1977ರ ಆಲ್ಬಂ ಅನ್ನು ಗೇಯರ್ ಲಾಸ್ ಏಂಜಲೀಸ್‌ನಲ್ಲಿ, ಸೋಲ್ ಹಾಡುಗಳಿಗೆ ಹೆಸರಾದ ಮೋಟೌನ್ ಧ್ವನಿಮುದ್ರಣ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಫ್ರಾಂಕ್ ವಿಲ್ಸನ್ ಅವರ ನಿರ್ಮಾಣದಲ್ಲಿ ಮಾಡಿದರು. ಧ್ವನಿಯನ್ನು ಮಾತ್ರ ಕೇಳಿದ ಅಮೆರಿಕದ ಶ್ರೋತೃಗಳು ಅವರನ್ನು ಕಪ್ಪು ಗಾಯಕಿಯೆಂದೇ ತಿಳಿಯುವರು, ಆದ್ದರಿಂದ ಹೆಸರು ನೆಲೆಗೊಳ್ಳುವವರೆಗೆ ಮುಖವನ್ನು ತೋರಿಸದಿರುವುದೇ ಒಳಿತು ಎಂಬ ಸಲಹೆ ಬಂದಾಗ ಅವರು ಒಪ್ಪದೆ, ಹೊದಿಕೆಯ ಮೇಲೆ ತಮ್ಮ ಚಿತ್ರವೇ ಇರಬೇಕೆಂದು ಪಟ್ಟು ಹಿಡಿದರು. ಅಮೆರಿಕದಲ್ಲಿ ಅವರ ಹೆಸರು ಬೆಳೆಯಬೇಕಾದಷ್ಟು ಬೆಳೆಯಲಿಲ್ಲ. ಮುಂದೆ ಅಲ್ಲಿ ಬಹುಕಾಲ ಇತರರ ಹಾಡುಗಳಿಗೆ ಹಿನ್ನೆಲೆ ಗಾಯನ ನೀಡಿದರು. ಆದರೂ ಅಂದಿನ ಅವರ ನಿರ್ಧಾರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕಪ್ಪು ಜನರ ಬದುಕಿನಿಂದ ಹುಟ್ಟಿದ ಸಂಗೀತವನ್ನು ಹೊರಗಿನವಳಾಗಿ ಹಾಡುವವಳು ತಾನು ಯಾರೆಂಬುದನ್ನು ಮುಚ್ಚಿಡಬಾರದು ಎಂಬುದನ್ನು ಅವರು ಭಾಷಣದಿಂದಲ್ಲ, ಒಂದು ಛಾಯಾಚಿತ್ರದಿಂದ ಹೇಳಿದರು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಾನು ಅವರ ಹಾಡುಗಳನ್ನು ಇನ್ನೂ ಸರಿಯಾಗಿ ಕೇಳಿರಲಿಲ್ಲ ಎಂಬ ವಿಷಾದ ನನ್ನಲ್ಲಿ ಉಳಿದಿದೆ. ಈ ಯೋಜನೆ ಹುಟ್ಟಿದ್ದೇ ಅಲ್ಲಿಂದ.

ಜುಲೈ

ಜುಲೈನಲ್ಲಿ ರೆಕಾರ್ಡ್‌ಗಳನ್ನು ಬದಿಗಿಟ್ಟು, ಎದುರಿಗೆ ಕುಳಿತು ಕೇಳುವ ಸಂಗೀತಕ್ಕೆ ಬಂದೆವು. ಅದಕ್ಕಾಗಿ ನಾನು ಚಳಿಯಲ್ಲಿ ನಾಲ್ಕು ರಾತ್ರಿ ಹೊರಗೆ ಹೋಗಿದ್ದೆ. ಫಿಟ್ಜ್‌ರಾಯ್ ಬಡಾವಣೆಯ ಜಾನ್‌ಸ್ಟನ್ ಬೀದಿಯಲ್ಲಿರುವ ಸಂಗೀತ ಕ್ಲಬ್ ನೈಟ್ ಕ್ಯಾಟ್‌ನಲ್ಲಿ ವೇದಿಕೆ ಕೋಣೆಯ ನಡುವೆಯೇ ಇದೆ. ಕೇಳುಗರು ಸುತ್ತಲೂ ನಿಲ್ಲುತ್ತಾರೆ, ತುತ್ತೂರಿಯವರ ಬೆನ್ನು ಒಬ್ಬರಿಗೆ ಕಂಡರೆ ಗಾಯಕಿಯ ಮುಖ ಇನ್ನೊಬ್ಬರಿಗೆ. ಅಲ್ಲಿ ನಾನು ಗಮನಿಸಿದ್ದು ಕೈಗಳನ್ನು. ಸ್ನೇರ್ ಡ್ರಮ್‌ನ ಪೆಟ್ಟು ನಾಲ್ಕರ ಎಣಿಕೆಯಲ್ಲಿ ಎರಡಕ್ಕೂ ನಾಲ್ಕಕ್ಕೂ ಬೀಳುತ್ತದೆ, ಜನರ ಚಪ್ಪಾಳೆಯೂ ಅಲ್ಲಿಗೇ ಬೀಳುತ್ತದೆ. ತಾಳದ ಮೊದಲ ಎಣಿಕೆಯಾದ ಸಮಕ್ಕೆ ಕೈ ಹಾಕಿ ಬೆಳೆದ ನನಗೆ ಮೊದಲ ರಾತ್ರಿ ಪೂರ್ತಿ ಕೈ ತಪ್ಪುತ್ತಲೇ ಇತ್ತು. ಬೈಠಕ್‌ನಲ್ಲಿ ಹನ್ನೊಂದು ಮಂದಿಗೂ ಅದೇ ಆಯಿತು, ರಾಯರೊಬ್ಬರನ್ನು ಬಿಟ್ಟು.

ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ಕೀಲಿಮಣೆ ವಾದ್ಯದ ಬಗ್ಗೆ ಅರ್ಧ ಗಂಟೆ ಮಾತಾಡಿದೆವು. ಬಿ-3 ಮಾದರಿಯು ಪೀಠ ಮತ್ತು ಕಾಲುಮಣೆಗಳೊಂದಿಗೆ ಸುಮಾರು 190 ಕಿಲೋ ತೂಗುತ್ತದೆ; ಅದರ ಜೊತೆಗಿರುವ ಲೆಸ್ಲಿ ಪೆಟ್ಟಿಗೆಯೊಳಗೆ ಧ್ವನಿಯನ್ನು ಹೊರಹಾಕುವ ಕಹಳೆ ನಿಜವಾಗಿಯೂ ಗಿರಗಿರನೆ ತಿರುಗುತ್ತದೆ, ಆ ತಿರುಗುವಿಕೆಯ ವೇಗ ಏರಿದಾಗ ಸ್ವರದಲ್ಲಿ ಕಂಪನ ಬರುತ್ತದೆ. ಇಂಥ ಆರ್ಗನ್, ಗಿಟಾರ್ ಮತ್ತು ಡ್ರಮ್ ಮೂರನ್ನೇ ನಂಬಿ 1997ರಲ್ಲಿ ಮೆಲ್ಬರ್ನ್‌ನಲ್ಲಿ ಆರಂಭವಾದ ತಂಡ ಕುಕಿನ್ ಆನ್ 3 ಬರ್ನರ್ಸ್. ಗಾಯಕಿ ಕೈಲಿ ಆಲ್ಡಿಸ್ಟ್ ಜೊತೆಗೆ ಅವರು 2009ರಲ್ಲಿ ಹೊರತಂದ ‘ದಿಸ್ ಗರ್ಲ್’ ಹಾಡನ್ನು ಏಳು ವರ್ಷಗಳ ನಂತರ ಫ್ರಾನ್ಸ್‌ನ ಯುವ ನಿರ್ಮಾಪಕ ಕುಂಗ್ಸ್ ನೃತ್ಯಕ್ಕೆ ಹೊಂದುವಂತೆ ಮರುರೂಪಿಸಿದಾಗ ಅದು ಫ್ರಾನ್ಸ್‌ನಲ್ಲಿ ಮೊದಲ ಸ್ಥಾನಕ್ಕೇರಿತು. ಎರಡನ್ನೂ ಕೇಳಿಸಿದೆ. ಬಳಗದವರು ಒಕ್ಕೊರಲಿನಿಂದ ಹಳೆಯದನ್ನೇ ಮೆಚ್ಚಿದರು, ನನ್ನ ಅಭಿಪ್ರಾಯವೂ ಅದೇ: ಹೊಸದರಲ್ಲಿ ಆಲ್ಡಿಸ್ಟ್ ಅವರ ಉಸಿರಿಗೆ ಜಾಗವಿಲ್ಲ.

ಈ ಕೋಣೆಗಳು ತಾವಾಗಿಯೇ ಉಳಿದಿಲ್ಲ. ಕಾಲಿಂಗ್‌ವುಡ್‌ನ ಟೋಟ್ ಹೋಟೆಲ್ ಎಂಬ ಸಂಗೀತದ ತಾಣ ಪರವಾನಗಿ ನಿಯಮಗಳ ಭಾರದಿಂದ ಬಾಗಿಲು ಹಾಕಿದ ನಂತರ, 2010ರ ಫೆಬ್ರವರಿ 23ರಂದು ಸಾವಿರಾರು ಜನ ಮೆಲ್ಬರ್ನ್‌ನ ಬೀದಿಗಿಳಿದು ಜೀವಂತ ಸಂಗೀತವನ್ನು ಉಳಿಸಿ ಎಂದು ಮೆರವಣಿಗೆ ಮಾಡಿದರು. ಟೋಟ್ ಮತ್ತೆ ತೆರೆಯಿತು. ಸಿಡ್ನಿಯಲ್ಲಿ 1973ರಿಂದ ನಡೆದಿದ್ದ ಸಂಗೀತ ಕ್ಲಬ್ ಬೇಸ್‌ಮೆಂಟ್ ಮಾತ್ರ 2018ರಲ್ಲಿ ಮುಚ್ಚಿತು.

ಆಗಸ್ಟ್

ಆಗಸ್ಟ್ ಬೈಠಕ್ ಇಂದಿನವರದ್ದು. ಮೆಲ್ಬರ್ನ್‌ನ ಅಂಚಿನ ವಾರಂಡೈಟ್‌ನ ಟೆಸ್ಕಿ ಬ್ರದರ್ಸ್ ತಮ್ಮ ಮೊದಲ ಆಲ್ಬಂ ಅನ್ನು ಮನೆಯ ಸ್ಟುಡಿಯೊದಲ್ಲಿ, ಹಳೆಯ ಪದ್ಧತಿಯಂತೆ ಟೇಪಿನ ಮೇಲೆ ಧ್ವನಿಮುದ್ರಿಸಿ 2017ರಲ್ಲಿ ಹೊರತಂದರು. ಗೈ ಸೆಬಾಸ್ಟಿಯನ್ ಅವರ ತಾಯಿ ಕಾನ್ಪುರದಲ್ಲಿ ಹುಟ್ಟಿದವರೆಂದು ತಿಳಿದಾಗ ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡರು. ಸೆಬಾಸ್ಟಿಯನ್ 2007ರಲ್ಲಿ ಅಮೆರಿಕದ ಮೆಂಫಿಸ್‌ಗೇ ಹೋಗಿ, ಅಲ್ಲಿನ ಸ್ಟ್ಯಾಕ್ಸ್ ಎಂಬ ಸೋಲ್ ಧ್ವನಿಮುದ್ರಣ ಸಂಸ್ಥೆಯ ಮೂಲ ಧ್ವನಿಮುದ್ರಿಕೆಗಳಲ್ಲಿ ಗಿಟಾರ್ ನುಡಿಸಿದ್ದ ಸ್ಟೀವ್ ಕ್ರಾಪರ್ ಅವರ ಜೊತೆಗೆ ಒಂದು ಆಲ್ಬಂ ಮಾಡಿದರು.

ಆಗ ರಾಯರು ಕೇಳಿದ ಪ್ರಶ್ನೆ ನನ್ನ ಯೋಜನೆಯನ್ನು ನಿಲ್ಲಿಸಿತು. ‘ಇವರೆಲ್ಲ ರೆಕಾರ್ಡ್ ಕೇಳಿ ಕಲಿತವರು, ಇಲ್ಲವೇ ಅಲ್ಲಿಗೆ ಹೋಗಿ ಕಲಿತವರು. ಬಾಯಿಂದ ಬಾಯಿಗೆ, ಈ ನೆಲದಲ್ಲೇ ಕಲಿತವರು ಯಾರೂ ಇಲ್ಲವೇನಪ್ಪಾ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಸೆಪ್ಟೆಂಬರ್

ಉತ್ತರ ಸಿಕ್ಕಿದ್ದು ನಾನು ಬಿಟ್ಟುಬಿಟ್ಟಿದ್ದವರಲ್ಲಿ. ಸ್ಯಾಫೈರ್ಸ್ ಎಂಬ, ಆಸ್ಟ್ರೇಲಿಯದ ಮೂಲನಿವಾಸಿಗಳಾದ ಯೋರ್ಟಾ ಯೋರ್ಟಾ ಜನರ ಮಹಿಳೆಯರ ಗಾಯನ ತಂಡದ ಕಥೆ 2004ರಲ್ಲಿ ನಾಟಕವಾಗಿ, 2012ರಲ್ಲಿ ಚಲನಚಿತ್ರವಾಗಿ ಪ್ರಸಿದ್ಧವಾಗಿದೆ. ನಿಜ ಜೀವನದಲ್ಲಿ ಲಾರೆಲ್ ರಾಬಿನ್ಸನ್, ಬೆವರ್ಲಿ ಬ್ರಿಗ್ಸ್ ಮತ್ತು ನವೋಮಿ ಮೇಯರ್ಸ್ ಹಾಡುತ್ತಿದ್ದರು. 1968ರಲ್ಲಿ ವಿಯೆಟ್ನಾಂನ ಸೈನಿಕರಿಗಾಗಿ ಹಾಡುವ ಆಹ್ವಾನ ಬಂದಾಗ ಯುದ್ಧವನ್ನು ವಿರೋಧಿಸುತ್ತಿದ್ದ ಇಬ್ಬರು ನಿರಾಕರಿಸಿದರು, ಲಾರೆಲ್ ತಮ್ಮ ತಂಗಿ ಲೋಯಿಸ್ ಪೀಲರ್ ಅವರನ್ನು ಕರೆದುಕೊಂಡು ಹೋದರು. ಕೇಳಿಸಲು ಅವರ ಕಾಲದ ಧ್ವನಿಮುದ್ರಣ ನನ್ನ ಬಳಿ ಇಲ್ಲವೆಂಬ ಒಂದೇ ಕಾರಣಕ್ಕೆ ಅವರನ್ನು ಪಟ್ಟಿಯಿಂದ ಕೈಬಿಟ್ಟಿದ್ದೆ. ಕೈಯಲ್ಲಿ ರೆಕಾರ್ಡ್ ಇದ್ದವರನ್ನೇ ಇತಿಹಾಸವೆಂದು ತಿಳಿದದ್ದು ನನ್ನ ತಪ್ಪು.

ಆ ಗಾಯಕಿಯರ ಜನರ ಊರು ಮರ್ರೆ ನದಿಯ ದಡದ ಕಮ್ಮರಗಂಜ. ಅದಕ್ಕೂ ಮೊದಲು ಹತ್ತಿರದ ಮಲೋಗ ಮಿಷನ್‌ನಲ್ಲಿ ಅವರ ಹಿರಿಯರು ವಾಸವಾಗಿದ್ದರು. 1880ರ ದಶಕದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರ ಹಾಡುಗಳನ್ನು ಲೋಕಕ್ಕೆಲ್ಲ ಕೇಳಿಸುತ್ತಿದ್ದ ಅಮೆರಿಕದ ಫಿಸ್ಕ್ ಜುಬಿಲಿ ಗಾಯಕರು ಆಸ್ಟ್ರೇಲಿಯದ ಪ್ರವಾಸದಲ್ಲಿ ಮಲೋಗಕ್ಕೂ ಬಂದು ಹಾಡಿದರು. ಫೇರೋನ ಸೈನ್ಯವನ್ನು ದೇವರು ಮುಳುಗಿಸಿದ ಕಥೆಯ ಹಾಡೊಂದು ಯೋರ್ಟಾ ಯೋರ್ಟಾ ಭಾಷೆಗೆ ಬಂದು, ‘ನಾರ್ರಾ ಬುರ್ರಾ ಫೆರ್ರಾ’ ಎಂಬ ಹೆಸರಿನಿಂದ ಇಂದಿಗೂ ಆ ಜನರ ನಾಲಿಗೆಯ ಮೇಲಿದೆ. ಅದನ್ನು ಆ ಭಾಷೆಗೆ ತಂದದ್ದರಲ್ಲಿ ಅಲ್ಲಿನ ಉಪಾಧ್ಯಾಯ ಥಾಮಸ್ ಶದ್ರಾಕ್ ಜೇಮ್ಸ್ ಅವರ ಕೈಯಿತ್ತೆಂದು ಹೇಳುತ್ತಾರೆ. ಜೇಮ್ಸ್ ಮಾರಿಷಸ್‌ನಲ್ಲಿ ಭಾರತೀಯ ಮೂಲದ ಕುಟುಂಬದಲ್ಲಿ 1859ರಲ್ಲಿ ಹುಟ್ಟಿದವರು, ಯೋರ್ಟಾ ಯೋರ್ಟಾ ಹೆಣ್ಣುಮಗಳನ್ನು ಮದುವೆಯಾಗಿ ಅಲ್ಲಿಯೇ ಮಕ್ಕಳಿಗೆ ಅಕ್ಷರ ಕಲಿಸಿದವರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೋಲ್ ಸಂಗೀತದ ತಾಯಿಬೇರಾದ ಆ ಭಕ್ತಿಗೀತೆ, ಸೈನಿಕರು ಕಿಂಗ್ಸ್ ಕ್ರಾಸ್‌ಗೆ ಬರುವುದಕ್ಕೆ ಎಂಬತ್ತು ವರ್ಷ ಮೊದಲೇ ಈ ನೆಲದ ಮೂಲ ಭಾಷೆಯೊಂದರಲ್ಲಿ ಮೊಳೆತಿತ್ತು, ಮತ್ತು ನಾನು ಮಾರ್ಚ್‌ನಿಂದ ಅದಕ್ಕೆ ವಿರುದ್ಧವಾದುದನ್ನೇ ಹೇಳುತ್ತ ಬಂದಿದ್ದೆ.

1939ರ ಫೆಬ್ರವರಿಯಲ್ಲಿ ಕಮ್ಮರಗಂಜದ ಜನ ಅಲ್ಲಿನ ಆಡಳಿತದ ದಬ್ಬಾಳಿಕೆಯನ್ನು ಪ್ರತಿಭಟಿಸಿ ನದಿ ದಾಟಿ ಹೊರಟುಬಂದರು. ಅವರಲ್ಲಿ ಹಲವರು ಕಾಲಕ್ರಮದಲ್ಲಿ ಮೆಲ್ಬರ್ನ್‌ನ ಫಿಟ್ಜ್‌ರಾಯ್ ಸೇರಿದರು. ಕಮ್ಮರಗಂಜದ ಶಾಲೆಯಲ್ಲಿ ಕಲಿತ ಡಗ್ ನಿಕೋಲ್ಸ್ 1940ರ ದಶಕದಲ್ಲಿ ಗೋರ್ ಬೀದಿಯಲ್ಲಿ ಅವರಿಗಾಗಿ ಚರ್ಚ್ ನಡೆಸಿದರು. ಕಳೆದ ಶನಿವಾರ ಗೋರ್ ಬೀದಿಯಿಂದ ಜುಲೈನಲ್ಲಿ ನಾನು ಚಪ್ಪಾಳೆ ತಪ್ಪಿದ್ದ ಜಾನ್‌ಸ್ಟನ್ ಬೀದಿಯ ಕೋಣೆಯವರೆಗೆ ನಡೆದು ನೋಡಿದೆ. ದೂರವೇನೂ ಇಲ್ಲ, ಒಂದು ನಿಧಾನದ ಹಾಡನ್ನು ಮೂರ್ನಾಲ್ಕು ಸಲ ಕೇಳಿ ಮುಗಿಸುವಷ್ಟು.

ಆದ್ದರಿಂದ ಉಳಿದ ನಾಲ್ಕು ಬೈಠಕ್‌ಗಳನ್ನು ಹೊಸದಾಗಿ ಜೋಡಿಸುತ್ತಿದ್ದೇನೆ. ಏಳನೆಯದು ಮಲೋಗದಿಂದ ಆರಂಭವಾಗಿ, ಅಜ್ಜ ಅಜ್ಜಿಯರ ಜೊತೆ ಹಾಡಿ ಬೆಳೆದ ಎಮ್ಮಾ ಡೊನೊವನ್ ಅವರಲ್ಲಿಗೆ ಬರುತ್ತದೆ. ಗುಂಬೈಂಗಿರ್ ಮತ್ತು ಯಮಾಜಿ ಎಂಬ ಮೂಲನಿವಾಸಿ ಜನಾಂಗಗಳಿಗೆ ಸೇರಿದ ಅವರು ಮೆಲ್ಬರ್ನ್‌ನ ಪುಟ್‌ಬ್ಯಾಕ್ಸ್ ತಂಡದೊಂದಿಗೆ 2014ರಲ್ಲಿ ‘ಡಾನ್’ ಆಲ್ಬಂ ಮಾಡಿದರು. ಅದರಲ್ಲಿ ವಾದ್ಯಗಳು ಗಾಯಕಿಗಿಂತ ಒಂದು ಹೆಜ್ಜೆ ಹಿಂದೆ ನಿಂತು ಅವರ ಮಾತು ಮುಗಿಯುವವರೆಗೆ ಕಾಯುತ್ತವೆ. ಬೆಸ ಎಣಿಕೆಗಳ ಹಯೇಟಸ್ ಕಾಯೋಟಿ ತಂಡವನ್ನು ಒಂಬತ್ತನೆಯದಕ್ಕೆ ಇಟ್ಟಿದ್ದೇನೆ, ರಾಯರ ನೆರವಿಲ್ಲದೆ ಅದನ್ನು ವಿವರಿಸುವ ಧೈರ್ಯ ನನಗಿಲ್ಲ. ಮೊದಲ ಬೈಠಕ್‌ನ ಟಿಪ್ಪಣಿಯಲ್ಲಿ ‘ಸೋಲ್ ಬಂದಿಳಿಯಿತು’ ಎಂದಿದ್ದ ಸಾಲನ್ನು ಹೊಡೆದುಹಾಕಿ, ತಿದ್ದಿದ ಪ್ರತಿಯನ್ನು ಹನ್ನೊಂದು ಮಂದಿಗೂ ನಿನ್ನೆ ಕಳುಹಿಸಿದೆ. ರಾಯರಿಂದ ಇಂದು ಬೆಳಿಗ್ಗೆ ಉತ್ತರ ಬಂತು: ಆ ಯೋರ್ಟಾ ಯೋರ್ಟಾ ಹಾಡಿನ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದು ಕಳುಹಿಸಬೇಕಂತೆ, ಅಕ್ಟೋಬರ್‌ಗೆ ಮುನ್ನ ಅದರ ನಡೆಯನ್ನು ನೋಡಿಕೊಳ್ಳುತ್ತಾರಂತೆ.